ಅಂಬಾಸಿಡರ್ ಮಾರ್ಕ್ 3 ಮ್ಯಾನಿಫೋಲ್ಡ್ ಮೇಲೆ ವೆಬರ್ 32/36 ಕೂರಿಸಬಹುದಾ? ಅಡಾಪ್ಟರ್ ಪ್ಲೇಟ್ ಬಗ್ಗೆ ಸಲಹೆ ಬೇಕು

ದಾವಣಗೆರೆ ಅಂಬಿ
ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪನ 1976ರ ಮಾರ್ಕ್ 3 ಅಂಬಾಸಿಡರ್ ಈಗ ನನ್ನ ಹತ್ತಿರ ಇದೆ. ಪೆಟ್ರೋಲ್ ಗಾಡಿ, ಹಳೇ 1489 ಸಿಸಿ ಎಂಜಿನ್. ಬಾಡಿ ಗಟ್ಟಿ ಇದೆ, ಗೇರ್‌ಬಾಕ್ಸ್ ಚೆನ್ನಾಗಿದೆ. ತಲೆನೋವೆಲ್ಲ ಕಾರ್ಬೊರೇಟರ್‌ದು.

ಸ್ಲೋ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವುದು) ನಿಲ್ಲುವುದಿಲ್ಲ. ತಾನಾಗಿಯೇ ಏರುತ್ತದೆ, ಇಳಿಯುತ್ತದೆ, ಸಿಗ್ನಲ್‌ನಲ್ಲಿ ಆಫ್ ಆಗುತ್ತದೆ. ಆಕ್ಸಿಲರೇಟರ್ ಒತ್ತಿದ ಕೂಡಲೇ ಒಂದು ಗಳಿಗೆ ಉಸಿರು ಕಟ್ಟಿದ ಹಾಗೆ ನಿಂತು ಆಮೇಲೆ ಓಡುತ್ತದೆ. ಈಗಿರುವ ಸೋಲೆಕ್ಸ್ ಕಾರ್ಬೊರೇಟರ್‌ನ ಥ್ರಾಟಲ್ ಶಾಫ್ಟ್ (ಗಾಳಿ ಬಿಡುವ ತಟ್ಟೆಯ ಕಡ್ಡಿ) ಹಿಡಿದು ಅಲ್ಲಾಡಿಸಿದರೆ ಕಟಕಟ ಅನ್ನುತ್ತದೆ. ಮೆಕ್ಯಾನಿಕ್ "ಇದರ ಕಥೆ ಮುಗೀತು, ಬೇರೆ ಹಾಕಿ" ಅಂದುಬಿಟ್ಟರು.

ಪರಿಚಯದವರೊಬ್ಬರ ಬಳಿ ಬಳಸದೇ ಇಟ್ಟಿದ್ದ ವೆಬರ್ 32/36 ಡಿಜಿವಿ ಕಾರ್ಬೊರೇಟರ್ ಸಿಕ್ಕಿದೆ. ಆದರೆ ನನ್ನ ಮ್ಯಾನಿಫೋಲ್ಡ್ (ಕಾರ್ಬೊರೇಟರ್‌ನಿಂದ ಎಂಜಿನ್‌ಗೆ ಗಾಳಿ-ಪೆಟ್ರೋಲ್ ಒಯ್ಯುವ ಕೊಳವೆ) ಮೇಲೆ ಎರಡೇ ಸ್ಟಡ್, ನಡುವೆ ಒಂದೇ ತೂತು. ವೆಬರ್‌ಗೆ ನಾಲ್ಕು ಬೋಲ್ಟ್, ಎರಡು ತೂತು. ಲೇತ್‌ನವರು "ಎರಡನ್ನೂ ಜೋಡಿಸೋಕೆ ಅಲ್ಯೂಮಿನಿಯಂ ಪ್ಲೇಟ್ ಮಾಡಿಕೊಡ್ತೀನಿ, ದಪ್ಪ ಎಷ್ಟು ಹೇಳಿ" ಅಂತಾರೆ. ಎಷ್ಟು ದಪ್ಪ ಇರಬೇಕು? ಕಾರ್ಬೊರೇಟರ್ ಯಾವ ಕಡೆ ಮುಖ ಮಾಡಿ ಕೂರಿಸಬೇಕು? ಬಾನೆಟ್ ಮುಚ್ಚುತ್ತದಾ? ಮಾಡಿದವರು ಯಾರಾದರೂ ಇದ್ದರೆ ಹೇಳಿ.

ಗುಜರಿ ಗುರು
ಮೊದಲ ಪ್ರಶ್ನೆ: ವೆಬರ್ ಅಸಲಿಯಾ? ಫೋಟೋ ಹಾಕಿ. ಈಗ ಸಿಗುವುದರಲ್ಲಿ ಮುಕ್ಕಾಲು ಪಾಲು ಚೀನಾ ಕಾಪಿ.

ದಾವಣಗೆರೆ ಅಂಬಿ
ಬಾಡಿ ಮೇಲೆ ವೆಬರ್ ಅಂತ ಇದೆ, ಕೆಳಗೆ ಮೇಡ್ ಇನ್ ಸ್ಪೇನ್ ಅಂತ ಅಚ್ಚು ಇದೆ. ಸ್ಪೇನ್ ಅಂದ್ರೆ ನಕಲಿನಾ? ವೆಬರ್ ಇಟಲಿ ಕಂಪನಿ ಅಲ್ವಾ?

ಗುಜರಿ ಗುರು
ಇಟಲಿಯದೇ. ಎಡೋರ್ಡೊ ವೆಬರ್ 1923ರಲ್ಲಿ ಬೊಲೊನ್ಯಾದಲ್ಲಿ ಶುರು ಮಾಡಿದ್ದು. ಆಮೇಲೆ ಫಿಯಟ್ ಕೈಗೆ ಹೋಯಿತು, ಕೊನೆಗೆ ತಯಾರಿಕೆ ಸ್ಪೇನ್‌ಗೆ ಹೋಯಿತು. ಹಾಗಾಗಿ ಸ್ಪೇನ್ ಅಚ್ಚು ಇದ್ದರೆ ಹೆದರಬೇಡಿ. ನಕಲಿಯಲ್ಲಿ ಆ ಅಚ್ಚಿನ ಜಾಗ ಖಾಲಿ ಇರುತ್ತದೆ, ಜೆಟ್ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಸ್ಕ್ರೂ) ಮೇಲಿನ ನಂಬರ್‌ಗೂ ಒಳಗಿನ ತೂತಿಗೂ ಸಂಬಂಧ ಇರುವುದಿಲ್ಲ.

ಟ್ಯಾಪೆಟ್ ತಮ್ಮಯ್ಯ
ಅಂಬಿಯವರೇ, ಪ್ಲೇಟ್ ಆಮೇಲೆ. ಮೊದಲು ಇದಕ್ಕೆ ಉತ್ತರ ಹೇಳಿ. ಕಂಪ್ರೆಷನ್ ನೋಡಿದಿರಾ? ಟ್ಯಾಪೆಟ್ ಗ್ಯಾಪ್ ಇಟ್ಟು ಎಷ್ಟು ಕಾಲ ಆಯಿತು? ಡೆಲ್ಕೋ (ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್) ಒಳಗೆ ಸಿಬಿ ಪಾಯಿಂಟ್ ಸುಟ್ಟಿದೆಯಾ? ಡೆಲ್ಕೋ ಶಾಫ್ಟ್ ಕೂಡ ಆಡುತ್ತಾ? ಟೈಮಿಂಗ್ ಯಾರು ಇಟ್ಟರು?

ಸ್ಲೋ ನಿಲ್ಲದ ಗಾಡಿ ಬಂದರೆ ಎಲ್ಲರೂ ಮೊದಲು ಸ್ಕ್ರೂಡ್ರೈವರ್ ಹಿಡಿದು ಕಾರ್ಬೊರೇಟರ್‌ಗೆ ಹೋಗುತ್ತಾರೆ, ಯಾಕೆಂದರೆ ಅದು ಕೈಗೆ ಸಿಗುವ ಜಾಗದಲ್ಲಿದೆ. ನನ್ನ ಗ್ಯಾರೇಜಿಗೆ ಹಾಗೆ ಬಂದ ಅಂಬಾಸಿಡರ್‌ಗಳಲ್ಲಿ ಅರ್ಧಕ್ಕರ್ಧ ಕಾಯಿಲೆ ಡೆಲ್ಕೋದಲ್ಲೇ ಇರುತ್ತಿತ್ತು. ಡೆಲ್ಕೋ ಪಕ್ಕದ ವ್ಯಾಕ್ಯೂಮ್ ಅಡ್ವಾನ್ಸ್ ಡಯಾಫ್ರಂ ಹರಿದಿದ್ದರೂ ಹೀಗೇ ಆಡುತ್ತದೆ. ಅದಕ್ಕೆ ಹೋಗುವ ಸಣ್ಣ ಪೈಪ್ ಬಿಚ್ಚಿ ಬಾಯಲ್ಲಿ ಎಳೆದು ನೋಡಿ. ಗಾಳಿ ಸಲೀಸಾಗಿ ಬಂದರೆ ಡಯಾಫ್ರಂ ಹೋಗಿದೆ ಅಂತಲೇ ಅರ್ಥ.

ದಾವಣಗೆರೆ ಅಂಬಿ
ತಮ್ಮಯ್ಯ ಸರ್, ಪಾಯಿಂಟ್, ಕಂಡೆನ್ಸರ್ ಹೊಸದು. ಡಯಾಫ್ರಂ ಸರಿ ಇದೆ, ಈಗಷ್ಟೇ ಎಳೆದು ನೋಡಿದೆ. ಕಂಪ್ರೆಷನ್ ನಾಲ್ಕರಲ್ಲೂ ಹೆಚ್ಚುಕಡಿಮೆ ಒಂದೇ ಇದೆ ಅಂತ ಮೆಕ್ಯಾನಿಕ್ ಹೇಳಿದರು.

ಮೂಲರೂಪ
ಸೋಲೆಕ್ಸ್ ಎಸೆಯಬೇಡಿ ಅಂತ ಕೈಮುಗಿದು ಕೇಳಿಕೊಳ್ಳುತ್ತೇನೆ. ಥ್ರಾಟಲ್ ಶಾಫ್ಟ್ ಸವೆದರೆ ಬುಶ್ ಹಾಕಿದರೆ ಮುಗಿಯಿತು. ಬಾಡಿಯಲ್ಲಿ ತೂತು ದೊಡ್ಡದು ಮಾಡಿ ಹಿತ್ತಾಳೆ ಬುಶ್ ಕೂರಿಸಿ, ಅಳತೆಗೆ ರೀಮ್ ಮಾಡಿ, ಹೊಸ ಶಾಫ್ಟ್ ಹಾಕುವುದು. ಒಳ್ಳೆ ಟರ್ನರ್‌ಗೆ ಅರ್ಧ ದಿನದ ಕೆಲಸ. ಅದಕ್ಕೆ ಹೋಗಿ ಮ್ಯಾನಿಫೋಲ್ಡ್ ಕೊರೆದು, ಪ್ಲೇಟ್ ಹಾಕಿ, ಲಿಂಕೇಜ್ ಬದಲಿಸಿ ಇಟಲಿ ಕಾರ್ಬೊರೇಟರ್ ಹಾಕೋದು ಯಾವ ಲೆಕ್ಕ?

ಹುಬ್ಬಳ್ಳಿ ಗೇರು
ಅವರ ಗಾಡಿ, ಅವರ ರೊಕ್ಕ, ನಿಮಗ್ಯಾಕ್ರೀ ಸಂಕಟ 😄 ವೆಬರ್ ಹಾಕಿದ ಅಂಬಾಸಿಡರ್ ಒಮ್ಮೆ ಓಡಿಸಿ ನೋಡ್ರಿ, ಆಮೇಲೆ ಮಾತಾಡೋಣ.

ಪೀಣ್ಯ ಲೇತ್
ಪ್ಲೇಟ್ ಬಗ್ಗೆ ಕೇಳಿದ್ದಕ್ಕೆ ಯಾರೂ ಉತ್ತರ ಕೊಡಲಿಲ್ಲ, ನಾನು ಹೇಳುತ್ತೇನೆ. ಇಂಥ ಪ್ಲೇಟ್ ಬೇರೆ ಬೇರೆ ಗಾಡಿಗೆ ಮಾಡಿಕೊಟ್ಟಿದ್ದೇನೆ.

ದಪ್ಪ ಜಾಸ್ತಿ ಇದ್ದಷ್ಟೂ ಎರಡು ತೂತಿನಿಂದ ಬರುವ ಗಾಳಿ ಒಂದು ತೂತಿಗೆ ನಯವಾಗಿ ಸೇರುತ್ತದೆ. ಆದರೆ ಬಾನೆಟ್ ಬಿಡಬೇಕಲ್ಲ. ಹಾಗಾಗಿ ಮೊದಲು ಬಾನೆಟ್ ಅಳತೆ. ಈಗಿರುವ ಸೋಲೆಕ್ಸ್ ಮತ್ತು ಏರ್ ಫಿಲ್ಟರ್ ಮೇಲೆ ಮಕ್ಕಳು ಆಡುವ ಕ್ಲೇ ಮುದ್ದೆ ಇಟ್ಟು ಬಾನೆಟ್ ಮುಚ್ಚಿ ತೆಗೆಯಿರಿ. ಎಷ್ಟಕ್ಕೆ ಚಪ್ಪಟೆ ಆಗಿದೆಯೋ ಅಷ್ಟೇ ನಿಮ್ಮ ಜಾಗ. ಅದರಲ್ಲಿ ವೆಬರ್ ಎತ್ತರ, ಅದರ ಫಿಲ್ಟರ್ ಎತ್ತರ ಕಳೆಯಿರಿ. ಎಂಜಿನ್ ರಬ್ಬರ್ ಮೌಂಟ್ ಮೇಲೆ ಕುಣಿಯುತ್ತದೆ, ಅದಕ್ಕೂ ಒಂದಿಷ್ಟು ಬಿಡಿ. ಉಳಿದದ್ದು ಪ್ಲೇಟ್ ಮತ್ತು ಹೈಲಂ ಪಾಲಿಗೆ.

ಪ್ಲೇಟ್ ಕೆಳಗಿನ ಎರಡು ಸ್ಟಡ್‌ಗೆ ಬರುವ ನಟ್ ಪ್ಲೇಟಿನ ಒಳಗೆ ಮುಳುಗಬೇಕು. ಇಲ್ಲದಿದ್ದರೆ ಮೇಲೆ ವೆಬರ್ ಕೂರುವುದಿಲ್ಲ. ಅಲೆನ್ ಬೋಲ್ಟ್ ಹಾಕಿ ತಲೆಗೆ ಕೌಂಟರ್‌ಬೋರ್ ಮಾಡಿಸಿ. ಆ ಬೋಲ್ಟ್‌ಗೆ ಲಾಕ್‌ಟೈಟ್ ಹಾಕದೆ ಮುಚ್ಚಬೇಡಿ. ಒಳಗೆ ಸಡಿಲವಾದರೆ ಇಡೀ ಕಾರ್ಬೊರೇಟರ್ ಬಿಚ್ಚಬೇಕಾಗುತ್ತದೆ.

ಒಳಗಿನ ಆಕಾರ ಮೇಲೆ ಎರಡು ದುಂಡು, ಕೆಳಗೆ ಒಂದು ದುಂಡು. ನಡುವೆ ಇಳಿಜಾರು. ಮೆಟ್ಟಿಲು ಬಿಟ್ಟರೆ ಪೆಟ್ರೋಲ್ ಅಲ್ಲೇ ಹನಿ ಕಟ್ಟಿ ನಿಲ್ಲುತ್ತದೆ. ಅಳತೆ ತಲೆಯಲ್ಲಿ ಇಟ್ಟುಕೊಂಡು ಹೋಗಬೇಡಿ. ವೆಬರ್ ಪ್ಯಾಕಿಂಗ್ ಮತ್ತು ಮ್ಯಾನಿಫೋಲ್ಡ್ ಬಾಯಿಯನ್ನು ರಟ್ಟಿನ ಮೇಲೆ ಇಂಕ್ ಹಚ್ಚಿ ಒತ್ತಿ ತೆಗೆದುಕೊಂಡು ಹೋಗಿ.

ಕೊಡಗಿನ ಜೀಪು
ಹೈಲಂ ಅಂದ್ರೆ ಬೇಕಲೈಟ್ ಶೀಟಾ?

ಪೀಣ್ಯ ಲೇತ್
ಅದೇ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಪ್ಯಾನೆಲ್ ಬೋರ್ಡ್‌ಗೆ ಮಾರುವ ಕಂದು ಶೀಟ್. ಶಾಖ ಮೇಲೆ ಹತ್ತುವುದಿಲ್ಲ. ಅಲ್ಯೂಮಿನಿಯಂ ಪ್ಲೇಟ್ ಮಾತ್ರ ಹಾಕಿದರೆ ಮ್ಯಾನಿಫೋಲ್ಡ್ ಬಿಸಿಯೆಲ್ಲ ನೇರ ಕಾರ್ಬೊರೇಟರ್‌ನ ಪೆಟ್ರೋಲ್ ತುಂಬುವ ಬೌಲ್‌ಗೆ ಹೋಗುತ್ತದೆ.

ಕೊಡಗಿನ ಜೀಪು
ಈ ಎಂಜಿನ್‌ಗೆ ಅದು ಬೇಕೇ ಬೇಕು. ಇನ್‌ಟೇಕ್, ಎಕ್ಸಾಸ್ಟ್ ಎರಡೂ ಒಂದೇ ಪಕ್ಕ, ಕಾರ್ಬೊರೇಟರ್ ಕೆಳಗೇ ಕೆಂಪಗೆ ಕಾದ ಎಕ್ಸಾಸ್ಟ್. ಬೇಸಿಗೆಯಲ್ಲಿ ಚಾರ್ಮಾಡಿ ಹತ್ತುವಾಗ ಪೆಟ್ರೋಲ್ ಆವಿಯಾಗಿ ನಿಂತ ಅಂಬಾಸಿಡರ್‌ಗಳನ್ನು ಎಷ್ಟು ನೋಡಿಲ್ಲ! ಡ್ರೈವರ್ ಬಾನೆಟ್ ಎತ್ತಿ ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತಿ, ಪಕ್ಕದಲ್ಲಿ ಕೂತು ಬೀಡಿ ಹಚ್ಚೋನು. ಪೆಟ್ರೋಲ್ ಪಂಪ್ ಪಕ್ಕ ಬೀಡಿ!

ಹುಬ್ಬಳ್ಳಿ ಗೇರು
ಆ ಡ್ರೈವರ್‌ಗಳು ಹಾಗೇ ದೇಶ ನಡೆಸಿದ್ರು ಬಿಡ್ರಿ.

ಕೊವೆಂಟ್ರಿ ಕನ್ನಡಿಗ
ಇಂಗ್ಲೆಂಡಿನಿಂದ ನಮಸ್ಕಾರ. ಅಂಬಿಯವರೇ, ನಿಮ್ಮ ಎಂಜಿನ್ ಇಲ್ಲಿನ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಬಿ ಸೀರೀಸ್. 73.025 ಮಿಮೀ ಬೋರ್, 88.9 ಮಿಮೀ ಸ್ಟ್ರೋಕ್. ಇದೇ 1489 ಸಿಸಿ ಎಂಜಿನ್ 1955ರ ಎಂಜಿಎ ಸ್ಪೋರ್ಟ್ಸ್ ಕಾರಿನಲ್ಲೂ ಇತ್ತು. ಅದಕ್ಕೆ ಒಂದೂವರೆ ಇಂಚಿನ ಎಸ್‌ಯು ಎಚ್4 ಕಾರ್ಬೊರೇಟರ್ ಎರಡು. ಮೊದಲು 68, ಆಮೇಲೆ 72 ಅಶ್ವಶಕ್ತಿ. ಅಂಬಾಸಿಡರ್‌ದು 55ರ ಆಸುಪಾಸು.

ನನ್ನನ್ನು ಕೇಳಿದರೆ ವೆಬರ್ ಬಿಟ್ಟು ಎಸ್‌ಯು ಹಾಕಿ. ಈ ಎಂಜಿನ್ ಹುಟ್ಟಿದ್ದೇ ಎಸ್‌ಯು ಜೊತೆ. ಅಡಾಪ್ಟರ್ ಪ್ಲೇಟ್ ಗೋಜೇ ಇಲ್ಲ, ಎಸ್‌ಯು ಮ್ಯಾನಿಫೋಲ್ಡ್ ನೇರ ಹೆಡ್‌ಗೆ ಕೂರುತ್ತದೆ. ಜೆಟ್ ಒಂದೇ, ಸೂಜಿ ಒಂದೇ, ಗಾಳಿ ಎಷ್ಟು ಬೇಕೋ ಅಷ್ಟಕ್ಕೆ ಪಿಸ್ಟನ್ ತಾನೇ ಏರಿಳಿಯುತ್ತದೆ.

ಗುಜರಿ ಗುರು
ಸರ್, ಅಲ್ಲಿ ಕೂತು ಹೇಳುವುದು ಸುಲಭ. ಇಲ್ಲಿಗೆ ತರಿಸಿದರೆ ಕಸ್ಟಮ್ಸ್ ಸೇರಿ ಎಷ್ಟಾಗುತ್ತದೆ ಗೊತ್ತಾ? ಅವರ ಹತ್ತಿರ ವೆಬರ್ ಆಗಲೇ ಇದೆ.

ಕೊವೆಂಟ್ರಿ ಕನ್ನಡಿಗ
ಅದು ಸರಿ. ಒಂದು ಮಾತು ಸೇರಿಸುತ್ತೇನೆ, ಎರಡು ಎಸ್‌ಯು ಹಾಕಿದ ಮಾತ್ರಕ್ಕೆ ಎಂಜಿಎ ಆಗುವುದಿಲ್ಲ. ಅದರ ಹೆಡ್, ಕ್ಯಾಮ್ ಬೇರೆ.

ಟ್ಯಾಪೆಟ್ ತಮ್ಮಯ್ಯ
ಹಾಗೆ ಹೇಳಿ ಮತ್ತೆ. ಲೆಕ್ಕ ಹಾಕೋಣ ಬನ್ನಿ. 1489 ಸಿಸಿ ಎಂಜಿನ್ 4500 ಆರ್‌ಪಿಎಂನಲ್ಲಿ ಎಳೆಯುವ ಗಾಳಿ ನಿಮಿಷಕ್ಕೆ ಹೆಚ್ಚೆಂದರೆ 3350 ಲೀಟರ್. ಎರಡು ಸುತ್ತಿಗೊಮ್ಮೆ ತಾನೇ ತುಂಬುವುದು. ಈ ಹೆಡ್‌ನಲ್ಲಿ ಅಷ್ಟೂ ತುಂಬಲ್ಲ, ನೂರಕ್ಕೆ 80 ತುಂಬಿದರೂ 2700 ಲೀಟರ್ ಒಳಗೇ. ಇಷ್ಟಕ್ಕೆ ಒಂದು ಸೋಲೆಕ್ಸ್ ಧಾರಾಳ ಸಾಕು. ದೊಡ್ಡ ಕಾರ್ಬೊರೇಟರ್ ಹಾಕಿದರೆ ದೊಡ್ಡ ಪವರ್ ಅನ್ನೋದು ಬೆಂಗಳೂರಿನ ಜೆ.ಸಿ. ರೋಡ್ ಸ್ಪೇರ್ ಅಂಗಡಿಗಳ ಕಟ್ಟೆ ಪುರಾಣ.

ಹುಬ್ಬಳ್ಳಿ ಗೇರು
ತಮ್ಮಯ್ಯ ಸರ್, ಡಿಜಿವಿ ಪ್ರೋಗ್ರೆಸಿವ್ ಅಲ್ರೀ. 32 ಮಿಮೀ ಬಾಯಿ ಮೊದಲು ತೆರೀತದೆ, ಅದು ಅರ್ಧಕ್ಕಿಂತ ಜಾಸ್ತಿ ತೆರೆದ ಮೇಲೇ 36ರದ್ದು ಶುರು ಆಗ್ತದೆ. ಒಳಗಿನ ವೆಂಚುರಿ (ಗಾಳಿ ಹೋಗುವ ಕಿರಿದಾದ ಕುತ್ತಿಗೆ) 26 ಮತ್ತು 27 ಮಿಮೀ ಅಷ್ಟೇ. ಊರೊಳಗೆ ಓಡಿಸುವಾಗ ಸಣ್ಣ ಕಾರ್ಬೊರೇಟರ್, ಘಾಟಿಯಲ್ಲಿ ದೊಡ್ಡದು. ಎರಡೂ ಬಾಯಿ ಒಟ್ಟಿಗೆ ತೆರೆಯುವ 38 ಡಿಜಿಎಎಸ್ ಹಾಕ್ತೀನಿ ಅಂದಿದ್ದರೆ ನಿಮ್ಮ ಮಾತು ಒಪ್ಪುತ್ತಿದ್ದೆ.

ಟ್ಯಾಪೆಟ್ ತಮ್ಮಯ್ಯ
ಅದು ಒಪ್ಪಿದೆ. ಆದರೂ ಕಾಯಿಲೆ ಏನು ಅಂತ ಗೊತ್ತಾಗದೆ ಔಷಧಿ ಬದಲಿಸಬೇಡಿ ಅನ್ನುವುದು ನನ್ನ ಮಾತು. ಅಂಬಿಯವರೇ, ಸ್ಲೋದಲ್ಲಿ ಬಿಟ್ಟು ಮ್ಯಾನಿಫೋಲ್ಡ್ ಸುತ್ತ ಸ್ಪ್ರೇ ಮಾಡಿ ನೋಡಿ. ಕಾರ್ಬೊರೇಟರ್ ಕ್ಲೀನರ್ ಬಳಸುತ್ತಾರೆ, ಆದರೆ ಕಾದ ಎಕ್ಸಾಸ್ಟ್ ಮೇಲೆ ಬಿದ್ದರೆ ಬೆಂಕಿ. ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿದ ಕೂಡಲೇ ಸೋಪು ನೀರಿನ ಸ್ಪ್ರೇ ಸಾಕು. ಎಲ್ಲಿ ಹೊಡೆದಾಗ ಎಂಜಿನ್ ಸದ್ದು ಬದಲಾಗುತ್ತದೋ ಅಲ್ಲಿ ಗಾಳಿ ಎಳೆಯುತ್ತಿದೆ.

ಕೆಮಿಸ್ಟ್ರಿ ಟೀಚರ್
ನಡುವೆ ಒಂದು ಪ್ರಶ್ನೆ. ಈಗ ಬಂಕ್‌ನಲ್ಲಿ ಬರುವುದು ಇ20, ಅಂದರೆ ನೂರಕ್ಕೆ 20 ಪಾಲು ಎಥನಾಲ್ ಬೆರೆಸಿದ ಪೆಟ್ರೋಲ್. ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲವಲ್ಲ? ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ಒಂದು ಕೆಜಿಗೆ ಸುಮಾರು 14.7 ಕೆಜಿ ಗಾಳಿ ಬೇಕು. ಎಥನಾಲ್‌ಗೆ 9 ಸಾಕು. 20 ಪಾಲು ಎಥನಾಲ್ ಸೇರಿದರೆ ಅದು ಸುಮಾರು 13.5ಕ್ಕೆ ಇಳಿಯುತ್ತದೆ. ಎಪ್ಪತ್ತರ ದಶಕದ ಜೆಟ್‌ನಲ್ಲಿ ಇ20 ಹಾಕಿದರೆ ಮಿಶ್ರಣ ತಾನಾಗಿಯೇ ತೆಳು ಆಗುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಉಸಿರು ಕಟ್ಟುವುದಕ್ಕೆ ಅದರದ್ದೂ ಕೈ ಇರಬಹುದು. ಇಂಜೆಕ್ಷನ್ ಗಾಡಿಯಲ್ಲಿ ಸೆನ್ಸರ್ ನೋಡಿಕೊಂಡು ಸರಿ ಮಾಡಿಕೊಳ್ಳುತ್ತದೆ, ಕಾರ್ಬೊರೇಟರ್‌ಗೆ ಆ ಬುದ್ಧಿ ಇಲ್ಲ.

ಜೊತೆಗೆ ಹಳೇ ರಬ್ಬರ್ ಪೈಪ್, ಪಂಪ್ ಡಯಾಫ್ರಂ, ಕಾರ್ಕ್ ಪ್ಯಾಕಿಂಗ್ ಎಲ್ಲ ಮೆತ್ತಗಾಗುತ್ತವೆ. ಎಥನಾಲ್ ನೀರು ಹೀರುತ್ತದೆ. ಗಾಡಿ ತಿಂಗಳುಗಟ್ಟಲೆ ನಿಲ್ಲಿಸಿದರೆ ಬೌಲ್ ಒಳಗೆ ಬಿಳಿ ಪುಡಿ ಕಾಣುತ್ತದಲ್ಲ, ಅದು ಕಾರ್ಬೊರೇಟರ್ ಬಾಡಿಯ ಲೋಹ ತುಕ್ಕು ಹಿಡಿದಿರುವುದು.

ಗುಜರಿ ಗುರು
ಮೇಡಂ ಹೇಳಿದ್ದು ನೂರಕ್ಕೆ ನೂರು. ಪೈಪ್ ಬದಲಿಸುವಾಗ ಇಂಜೆಕ್ಷನ್ ಗಾಡಿಗೆ ಹಾಕುವ ಪೆಟ್ರೋಲ್ ಪೈಪ್ ಕೇಳಿ. ಮೀಟರ್ ಲೆಕ್ಕದ ಸಾದಾ ಪೈಪ್ ವರ್ಷದೊಳಗೆ ಬಿರುಕು ಬಿಡುತ್ತದೆ.

ಮೂಲರೂಪ
ಇನ್ನೊಂದು ವಿಷಯ. ಗಾಡಿ 1976ರದ್ದು. 50 ವರ್ಷ ದಾಟಿದರೆ ವಿಂಟೇಜ್ ನೋಂದಣಿಗೆ ಅರ್ಹ. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮ, ನಂಬರ್ ಪ್ಲೇಟಿನಲ್ಲಿ ವಿಎ ಅಕ್ಷರ ಬರುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ. ಷರತ್ತು ಏನು ಗೊತ್ತಾ? ಮೂಲ ರೂಪದಲ್ಲಿ ಇರಬೇಕು. ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಇರಬಾರದು. ಮ್ಯಾನಿಫೋಲ್ಡ್ ಕೊರೆದ ಮೇಲೆ ವಾಪಸ್ ಬರಲು ಆಗಲ್ಲ.

ಹುಬ್ಬಳ್ಳಿ ಗೇರು
ಕಾರ್ಬೊರೇಟರ್ ಬದಲಿಸಿದ್ದು ದೊಡ್ಡ ಬದಲಾವಣೆನಾ? ಆ ಲೆಕ್ಕದಲ್ಲಿ ಟೈರ್ ಬದಲಿಸಿದರೂ ತಪ್ಪು. ಮತ್ತೆ ವಿಎ ಪ್ಲೇಟ್ ಹಾಕಿದ ಗಾಡಿ ದಿನಾ ಓಡಿಸುವ ಹಾಗಿಲ್ಲ, ಅದನ್ನೂ ಹೇಳ್ರಿ. ಪ್ರದರ್ಶನ, ರ‍್ಯಾಲಿ, ರಿಪೇರಿ ಅಂತ ಮಾತ್ರ. ಅಂಬಿಯವರು ಓಡಿಸೋಕೆ ಇಟ್ಟುಕೊಂಡಿದ್ದಾರೆ, ಮ್ಯೂಸಿಯಂಗೆ ಅಲ್ಲ.

ಮೂಲರೂಪ
ಧರ್ಮಸ್ಥಳದ ಮಂಜೂಷಾ ಮ್ಯೂಸಿಯಂನಲ್ಲಿ ಹಳೇ ಕಾರುಗಳನ್ನು ಹೇಗೆ ಇಟ್ಟಿದ್ದಾರೆ ಹೋಗಿ ನೋಡಿ. ಮುಂದಿನವರಿಗೆ ಅಸಲಿ ಗಾಡಿ ಕಾಣಿಸಬೇಕು ಅನ್ನುವವರೂ ಬೇಕಲ್ವಾ?

ಪೀಣ್ಯ ಲೇತ್
ಜಗಳ ಬೇಡ. ಮ್ಯಾನಿಫೋಲ್ಡ್ ಕೊರೆಯದೇ ಮಾಡಬಹುದು. ಪ್ಲೇಟಿನ ಇಳಿಜಾರು ಈಗಿರುವ ತೂತಿನ ಅಳತೆಗೇ ಮುಗಿಸಿದರಾಯಿತು. ಬೇಡ ಅನಿಸಿದ ದಿನ ಪ್ಲೇಟ್ ಬಿಚ್ಚಿ ಸೋಲೆಕ್ಸ್ ಕೂರಿಸಿ. ಮೇಲಿನ ಪವರ್ ಸ್ವಲ್ಪ ಕಡಿಮೆ ಸಿಗಬಹುದು, ಅಷ್ಟೇ.

ದಾವಣಗೆರೆ ಅಂಬಿ
ತಮ್ಮಯ್ಯ ಸರ್ ಹೇಳಿದ ಹಾಗೆ ಸೋಪು ನೀರು ಹೊಡೆದೆ. ಥ್ರಾಟಲ್ ಶಾಫ್ಟ್ ಹತ್ತಿರ ಹೊಡೆದಾಗ ಸದ್ದು ಸ್ವಲ್ಪ ಬದಲಾಯಿತು. ಆದರೆ ಹೆಡ್‌ಗೂ ಮ್ಯಾನಿಫೋಲ್ಡ್‌ಗೂ ನಡುವೆ, ಹಿಂದಿನ ಪೋರ್ಟ್ ಹತ್ತಿರ ಹೊಡೆದಾಗ ಎಂಜಿನ್ ಆಫ್ ಆಗುವಷ್ಟು ಬದಲಾಯಿತು! ನಟ್ ಬಿಗಿ ಮಾಡಿದೆ, ಆದರೂ ಹಾಗೇ ಇದೆ.

ಟ್ಯಾಪೆಟ್ ತಮ್ಮಯ್ಯ
ಸಿಕ್ಕಿತು ನೋಡಿ ಕಳ್ಳ. ಬಿಗಿ ಮಾಡಿದರೆ ಹೋಗಲ್ಲ, ಯಾಕೆ ಅಂತ ಹೇಳುತ್ತೇನೆ. ಈ ಎಂಜಿನ್‌ನಲ್ಲಿ ಇನ್‌ಟೇಕ್, ಎಕ್ಸಾಸ್ಟ್ ಎರಡನ್ನೂ ಒಂದೇ ಸ್ಟಡ್ ಮೇಲಿನ ದಪ್ಪ ವಾಷರ್ ಒಟ್ಟಿಗೆ ಅಮುಕುತ್ತದೆ. ವಾಷರ್‌ನ ಅರ್ಧ ಇನ್‌ಟೇಕ್ ಮೇಲೆ, ಅರ್ಧ ಎಕ್ಸಾಸ್ಟ್ ಮೇಲೆ. ಯಾರೋ ಒಂದನ್ನು ಮಾತ್ರ ಗ್ರೈಂಡ್ ಮಾಡಿಸಿದ್ದರೆ ಎರಡರ ದಪ್ಪ ಬೇರೆ ಬೇರೆ ಆಗಿರುತ್ತದೆ. ಆಗ ವಾಷರ್ ವಾಲಿಕೊಂಡು ದಪ್ಪ ಇರುವ ಕಡೆ ಮಾತ್ರ ಒತ್ತುತ್ತದೆ. ಇನ್ನೊಂದು ಕಡೆ ಎಷ್ಟು ತಿರುಗಿಸಿದರೂ ಗಾಳಿ ಎಳೆಯುತ್ತದೆ.

ಎರಡನ್ನೂ ಬಿಚ್ಚಿ, ಒಟ್ಟಿಗೆ ಬಿಗಿದು, ಮುಖ ಒಂದೇ ಮಟ್ಟಕ್ಕೆ ಗ್ರೈಂಡ್ ಮಾಡಿಸಿ. ಫ್ಲೇಂಜ್ ದಪ್ಪ ವರ್ನಿಯರ್‌ನಲ್ಲಿ ಅಳೆಯಿರಿ. ಹೊಸ ಪ್ಯಾಕಿಂಗ್ ಹಾಕಿ. ಸಿಲಿಕೋನ್ ಪೇಸ್ಟ್ ಬಳಿಯಬೇಡಿ, ಪೆಟ್ರೋಲ್ ತಾಗಿದರೆ ಉಬ್ಬಿ ತುಂಡು ತುಂಡಾಗಿ ಒಳಗೆ ಹೋಗುತ್ತದೆ.

ಕೊವೆಂಟ್ರಿ ಕನ್ನಡಿಗ
ತಮ್ಮಯ್ಯ ಸರ್‌ಗೆ ಒಂದು ಸಲಾಂ. ಇಲ್ಲಿ ಎಂಜಿಬಿ ಕಾರು ಇಟ್ಟವರಿಗೂ (ಅದರದ್ದೂ ಬಿ ಸೀರೀಸ್ ಎಂಜಿನ್) ಇದೇ ಗೋಳು.

ಹಿಂದಿನ ಪೋರ್ಟ್‌ನಲ್ಲಿ ಸೋರಿದರೆ 3 ಮತ್ತು 4 ಎರಡೂ ಸಿಲಿಂಡರ್ ತೆಳು ಓಡುತ್ತವೆ. ಈ ಹೆಡ್‌ನಲ್ಲಿ ನಾಲ್ಕು ಸಿಲಿಂಡರ್‌ಗೆ ಇನ್‌ಟೇಕ್ ಪೋರ್ಟ್ ಇರುವುದೇ ಎರಡು. 1-2ಕ್ಕೆ ಒಂದು, 3-4ಕ್ಕೆ ಒಂದು. ಫೈರಿಂಗ್ ಆರ್ಡರ್ 1-3-4-2 ಆದ್ದರಿಂದ 3ರ ಬೆನ್ನಿಗೇ 4, 2ರ ಬೆನ್ನಿಗೇ 1 ಎಳೆಯುತ್ತವೆ. ಅಂದರೆ ಒಂದೇ ಪೋರ್ಟ್‌ನಿಂದ ಒಬ್ಬರ ಹಿಂದೆ ಒಬ್ಬರು. ಹಾಗಾಗಿ ನಾಲ್ಕಕ್ಕೂ ಒಂದೇ ಸಮ ಮಿಶ್ರಣ ಈ ಎಂಜಿನ್‌ನಲ್ಲಿ ಹೇಗೂ ಸಿಗಲ್ಲ.

ಅದಕ್ಕೇ ವೆಬರ್ ಯಾವ ಕಡೆ ಮುಖ ಅನ್ನುವ ಪ್ರಶ್ನೆ ಮುಖ್ಯ. ಎರಡು ಬಾಯಿಯನ್ನು ಗಾಡಿಯ ಉದ್ದಕ್ಕೆ ಇಟ್ಟರೆ ಸದಾ ತೆರೆದಿರುವ 32ರ ಬಾಯಿ ಒಂದು ಪೋರ್ಟ್‌ಗೆ ಹತ್ತಿರ, ಇನ್ನೊಂದಕ್ಕೆ ದೂರ. ಒಂದು ಜೋಡಿ ಸಿಲಿಂಡರ್‌ಗೆ ಜಾಸ್ತಿ ಪೆಟ್ರೋಲ್, ಇನ್ನೊಂದಕ್ಕೆ ಕಡಿಮೆ. ಅಡ್ಡಕ್ಕೆ ಇಡಿ, ಒಂದು ಬಾಯಿ ಹೆಡ್ ಕಡೆ, ಇನ್ನೊಂದು ಫೆಂಡರ್ ಕಡೆ. ಆಗ ಥ್ರಾಟಲ್ ಶಾಫ್ಟ್ ಎಂಜಿನ್ ಉದ್ದಕ್ಕೆ ಬರುತ್ತದೆ, ಚಿಟ್ಟೆ (ಥ್ರಾಟಲ್ ತಟ್ಟೆ) ಅರ್ಧ ತೆರೆದಾಗ ಗಾಳಿ ಮುಂದಕ್ಕೋ ಹಿಂದಕ್ಕೋ ವಾಲುವುದಿಲ್ಲ. ಫ್ಲೋಟ್ ಬೌಲ್ ಗಾಡಿಯ ಮುಂಭಾಗಕ್ಕೆ ಇರಲಿ. ಘಾಟಿ ಹತ್ತುವಾಗ ಪೆಟ್ರೋಲ್ ಜೆಟ್ ಕಡೆಗೇ ವಾಲುತ್ತದೆ.

ದಾವಣಗೆರೆ ಅಂಬಿ
ಮ್ಯಾನಿಫೋಲ್ಡ್ ಬಿಚ್ಚಿಸಿದೆ. ತಮ್ಮಯ್ಯ ಸರ್ ಹೇಳಿದ್ದು ಅಕ್ಷರಶಃ ನಿಜ. ಇನ್‌ಟೇಕ್ ಫ್ಲೇಂಜ್ ಎಕ್ಸಾಸ್ಟ್‌ಗಿಂತ ಕಣ್ಣಿಗೆ ಕಾಣುವಷ್ಟು ತೆಳು. ಗ್ರೈಂಡ್ ಮಾಡಿಸಿ, ಹೊಸ ಪ್ಯಾಕಿಂಗ್ ಹಾಕಿ, ಅದೇ ಸವೆದ ಸೋಲೆಕ್ಸ್ ಕೂರಿಸಿದೆವು. ಸಿಗ್ನಲ್‌ನಲ್ಲಿ ಈಗ ಆಫ್ ಆಗುತ್ತಿಲ್ಲ. ಆದರೆ ಒತ್ತಿದಾಗಿನ ಆ ತಡವರಿಕೆ ಸ್ವಲ್ಪ ಹಾಗೇ ಇದೆ.

ಮೂಲರೂಪ
ಬುಶ್ ಹಾಕಿಸಿ, ಸೋಲೆಕ್ಸ್‌ನ ಆಕ್ಸಿಲರೇಟರ್ ಪಂಪ್ ಡಯಾಫ್ರಂ ಬದಲಿಸಿ, ಅದೂ ಹೋಗುತ್ತದೆ. ವೆಬರ್ ಮಾರಿಬಿಡಿ.

ಹುಬ್ಬಳ್ಳಿ ಗೇರು
ಈಗ ಮ್ಯಾನಿಫೋಲ್ಡ್ ಸರಿ ಆಗಿದೆ, ಇದೇ ಸರಿಯಾದ ಹೊತ್ತು. ವೆಬರ್ ಹಾಕ್ರಿ!

ದಾವಣಗೆರೆ ಅಂಬಿ
ಎರಡೂ ಮಾಡುತ್ತೇನೆ 😀 ಸೋಲೆಕ್ಸ್ ಬುಶ್‌ಗೆ ಕೊಟ್ಟಿದ್ದೇನೆ. ಅದು ಬರುವವರೆಗೆ ವೆಬರ್ ಪ್ರಯೋಗ. ಪ್ಲೇಟ್ ತಯಾರಾಗಿದೆ, ಮ್ಯಾನಿಫೋಲ್ಡ್ ಮುಟ್ಟಿಲ್ಲ. ಕೆಳಗೆ ಹೈಲಂ, ಮೇಲೆ ಅಲ್ಯೂಮಿನಿಯಂ. ವೆಬರ್ ಅಡ್ಡಕ್ಕೆ, ಬೌಲ್ ಮುಂದಕ್ಕೆ. ಹಳೇ ಎತ್ತರದ ಏರ್ ಫಿಲ್ಟರ್ ಬಾನೆಟ್‌ಗೆ ತಾಗುತ್ತಿತ್ತು, ಚಪ್ಪಟೆ ಫಿಲ್ಟರ್ ಹಾಕಬೇಕಾಯಿತು. ಆಕ್ಸಿಲರೇಟರ್ ಲಿಂಕೇಜ್ ಉಲ್ಟಾ ಎಳೆಯುತ್ತಿದೆ. ಏನು ಮಾಡಲಿ?

ಗುಜರಿ ಗುರು
ರಾಡ್ ಬಿಟ್ಟು ಕೇಬಲ್ ಹಾಕಿ. ಮಾರುತಿ 800 ಆಕ್ಸಿಲರೇಟರ್ ಕೇಬಲ್ ಎಲ್ಲ ಕಡೆ ಸಿಗುತ್ತದೆ, ಒಂದು ಬ್ರಾಕೆಟ್ ಬೆಂಡ್ ಮಾಡಿಸಿದರೆ ಸಾಕು. ಪೆಡಲ್ ಪೂರ್ತಿ ಒತ್ತಿದಾಗ ಚಿಟ್ಟೆ ಪೂರ್ತಿ ತೆರೆಯುತ್ತದಾ ಅಂತ ಒಬ್ಬರನ್ನು ಕೂರಿಸಿ ನೋಡಿ. ರಿಟರ್ನ್ ಸ್ಪ್ರಿಂಗ್ ಎರಡು ಹಾಕಿ, ಒಂದು ತುಂಡಾದರೆ ಇನ್ನೊಂದು ಇರಲಿ.

ಕೊಡಗಿನ ಜೀಪು
ಪೆಟ್ರೋಲ್ ಪಂಪ್ ಹಳೇ ಮೆಕ್ಯಾನಿಕಲ್ ತಾನೇ? ಹಾಗಾದರೆ ಚಿಂತೆ ಇಲ್ಲ. ವೆಬರ್‌ಗೆ 2.5ರಿಂದ 3.5 ಪಿಎಸ್‌ಐ ಸಾಕು. ಕೆಲವರು ಸಿಕ್ಕ ಎಲೆಕ್ಟ್ರಿಕ್ ಪಂಪ್ ಹಾಕಿ ನೀಡಲ್ ವಾಲ್ವ್ ತಡೆಯಲಾರದೆ ಬೌಲ್ ತುಂಬಿ ಹರಿಸುತ್ತಾರೆ. ಅದೂ ಕಾದ ಎಕ್ಸಾಸ್ಟ್ ಮೇಲೆ.

ದಾವಣಗೆರೆ ಅಂಬಿ
ಹಳೇ ಪಂಪೇ. ಕೇಬಲ್ ಕೆಲಸ ಆಯಿತು. ಸ್ಟಾರ್ಟ್ ಆಗಿದೆ! ಆದರೆ ಮಿಕ್ಸ್ಚರ್ ಸ್ಕ್ರೂ ಎಷ್ಟು ತಿರುಗಿಸಿದರೂ ಏನೂ ಬದಲಾಗುತ್ತಿಲ್ಲ. ಪೂರ್ತಿ ಮುಚ್ಚಿದರೂ ಎಂಜಿನ್ ಓಡುತ್ತದೆ.

ಹುಬ್ಬಳ್ಳಿ ಗೇರು
ಸ್ಪೀಡ್ ಸ್ಕ್ರೂ ಜಾಸ್ತಿ ಒಳಗೆ ಹಾಕಿದ್ದೀರಿ. ಆಗ ಚಿಟ್ಟೆ ಸರಿದು ಪ್ರೋಗ್ರೆಷನ್ ತೂತುಗಳು (ಚಿಟ್ಟೆ ಪಕ್ಕದ ಸಣ್ಣ ತೂತುಗಳು) ತೆರೆದುಬಿಡುತ್ತವೆ, ಪೆಟ್ರೋಲ್ ಅಲ್ಲಿಂದ ಬರುತ್ತದೆ, ಮಿಕ್ಸ್ಚರ್ ಸ್ಕ್ರೂ ಲೆಕ್ಕಕ್ಕಿಲ್ಲ. ಹೀಗೆ ಮಾಡ್ರಿ. ಚೋಕ್ ಪೂರ್ತಿ ತೆರೆದಿರಲಿ, ಎಂಜಿನ್ ಬಿಸಿ ಇರಲಿ. ಸ್ಪೀಡ್ ಸ್ಕ್ರೂ ಪೂರ್ತಿ ಹಿಂದೆ ತೆಗೆದು, ಲಿವರ್‌ಗೆ ತಾಗುವವರೆಗೆ ತಂದು, ಅಲ್ಲಿಂದ ಒಂದು ಸುತ್ತು ಒಳಗೆ. ಮಿಕ್ಸ್ಚರ್ ಸ್ಕ್ರೂ ಮೆಲ್ಲಗೆ ತಳ ಮುಟ್ಟಿಸಿ ಎರಡು ಸುತ್ತು ಹೊರಗೆ. ಅಲ್ಲಿಂದ ಮಿಕ್ಸ್ಚರ್ ಒಳಗೆ ತಿರುಗಿಸುತ್ತಾ ಹೋಗಿ, ಎಂಜಿನ್ ಕುಂಟಲು ಶುರು ಮಾಡಿದ ಕೂಡಲೇ ಸ್ವಲ್ಪ ಹೊರಗೆ.

ಕೊನೆಗೆ ಸ್ಕ್ರೂ ಎಲ್ಲಿ ನಿಂತಿತು ಅನ್ನೋದು ಮುಖ್ಯ. ಎರಡೂವರೆ ಸುತ್ತಿಗಿಂತ ಹೊರಗೆ ಬೇಕಾದರೆ ಐಡಲ್ ಜೆಟ್ (ಸ್ಲೋಗೆ ಪೆಟ್ರೋಲ್ ಬಿಡುವುದು) ಸಣ್ಣದು. ಒಂದೂವರೆಯೊಳಗೇ ಆದರೆ ಜೆಟ್ ದೊಡ್ಡದು.

ದಾವಣಗೆರೆ ಅಂಬಿ
ಹುಬ್ಬಳ್ಳಿಯವರೇ, ನೀವು ಹೇಳಿದ ಹಾಗೆ ಮಾಡಿದ ಮೇಲೆ ಸ್ಕ್ರೂ ಕೆಲಸ ಮಾಡುತ್ತಿದೆ. ಆದರೆ ಮೂರು ಸುತ್ತಿನ ಹತ್ತಿರ ಹೋಗಿ ನಿಂತಿದೆ.

ಕೆಮಿಸ್ಟ್ರಿ ಟೀಚರ್
ಇ20 ಮಹಿಮೆ. ನಾನು ಹೇಳಿರಲಿಲ್ವಾ?

ಹುಬ್ಬಳ್ಳಿ ಗೇರು
ಟೀಚರ್ ಗೆದ್ದರು. 32ರ ಕಡೆಯ ಐಡಲ್ ಜೆಟ್ ಒಂದು ಸೈಜ್ ದೊಡ್ಡದು ಹಾಕ್ರಿ. ಜೆಟ್ ನಂಬರ್ ಅಂದ್ರೆ ಮಿಲಿಮೀಟರಿನ ನೂರನೇ ಭಾಗ, 55 ಅಂದರೆ 0.55 ಮಿಮೀ ತೂತು. ಸೂಜಿ ಹಾಕಿ ಕೊರೆಯೋಕೆ ಹೋಗಬೇಡ್ರಿ, ಹೊಸದೇ ತರಿಸಿ.

ಪದ್ಮಿನಿ ಪ್ರಿಯ
ನನ್ನ ಹತ್ತಿರ ಪ್ರೀಮಿಯರ್ ಪದ್ಮಿನಿ ಇದೆ. ಇದೇ ವೆಬರ್ ಅದಕ್ಕೆ ಆಗುತ್ತಾ?

ಟ್ಯಾಪೆಟ್ ತಮ್ಮಯ್ಯ
ಅದರ ಎಂಜಿನ್ 1089 ಸಿಸಿ. ಇಲ್ಲಿ 1489ಕ್ಕೇ ಜಾಸ್ತಿ ಅಂತ ವಾದ ಮಾಡುತ್ತಿದ್ದೇನೆ. ಬೇರೆ ಥ್ರೆಡ್ ಶುರು ಮಾಡಿ, ಅಲ್ಲಿ ಬಂದು ಬೈಯುತ್ತೇನೆ.

ದಾವಣಗೆರೆ ಅಂಬಿ
ಐಡಲ್ ಜೆಟ್ ಬಂತು, ಹಾಕಿದೆ. ಈಗ ಸ್ಕ್ರೂ ಎರಡು ಸುತ್ತಿನ ಆಸುಪಾಸು. ಒತ್ತಿದಾಗಿನ ತಡವರಿಕೆ ಹೋಗಿದೆ. ಚಿತ್ರದುರ್ಗದ ಕಡೆ ಒಂದು ರೌಂಡ್ ಹೋಗಿಬಂದೆ, ಏರಿನಲ್ಲಿ ಟಾಪ್ ಗೇರ್‌ನಲ್ಲೇ ಎಳೆಯುತ್ತದೆ. ಮೈಲೇಜ್ ಮಾತ್ರ ಏನೂ ಏರಿಲ್ಲ, ಆಸೆಯಿಂದ ಬಲವಾಗಿ ಒತ್ತುತ್ತಿದ್ದೇನೆ ಅನಿಸುತ್ತದೆ. ಪ್ಲಗ್ ತೆಗೆದು ನೋಡಿದರೆ 1 ಮತ್ತು 4 ಒಂದು ಬಣ್ಣ, 2 ಮತ್ತು 3 ಸ್ವಲ್ಪ ಬೇರೆ.

ಕೊವೆಂಟ್ರಿ ಕನ್ನಡಿಗ
ಅದು ಆ ಎರಡು ಪೋರ್ಟ್‌ಗಳ ಹಣೆಬರಹ. 1-2 ಒಂದು ಬಣ್ಣ, 3-4 ಇನ್ನೊಂದು ಬಣ್ಣ ಬಂದಿದ್ದರೆ ಪ್ಲೇಟ್ ಅಥವಾ ಪ್ಯಾಕಿಂಗ್ ಮೇಲೆ ಅನುಮಾನ ಪಡಬೇಕಿತ್ತು. ನಿಮ್ಮದು ಸರಿ ಇದೆ.

ಮೂಲರೂಪ
ಸೋಲೆಕ್ಸ್ ಬುಶ್ ಆಗಿ ಬಂತಾ?

ದಾವಣಗೆರೆ ಅಂಬಿ
ಬಂತು. ಶಾಫ್ಟ್ ಈಗ ಒಂದಿಷ್ಟೂ ಅಲ್ಲಾಡುವುದಿಲ್ಲ. ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ, ಹಳೇ ಲಿಂಕೇಜ್ ರಾಡ್ ಜೊತೆಗೇ ಡಬ್ಬಿಯಲ್ಲಿ ಇಟ್ಟಿದ್ದೇನೆ. ವಿಎ ಪ್ಲೇಟ್ ಬೇಕು ಅನಿಸಿದ ದಿನ ತೆಗೆಯುತ್ತೇನೆ.

ಮೂಲರೂಪ
ಇದಕ್ಕೆ ನನ್ನ ತಕರಾರಿಲ್ಲ.

ಪೀಣ್ಯ ಲೇತ್
ಅಂಬಿಯವರೇ, ಒಂದೆರಡು ಸಲ ಬಿಸಿಯಾಗಿ ತಣ್ಣಗಾದ ಮೇಲೆ ಹೈಲಂ ಸ್ವಲ್ಪ ಕೂರುತ್ತದೆ. ನಾಲ್ಕು ನಟ್‌ಗಳನ್ನೂ ಮೂಲೆಯಿಂದ ಮೂಲೆಗೆ ಮತ್ತೊಮ್ಮೆ ಬಿಗಿ ಮಾಡಿ. ಜೋರು ಮಾಡಬೇಡಿ, ವೆಬರ್ ಕಾಲು ಬಾಗುತ್ತದೆ. ಏರ್ ಫಿಲ್ಟರ್ ಒಳಗಿನ ಸಣ್ಣ ನಟ್‌ಗಳನ್ನೂ ನೋಡಿಕೊಳ್ಳಿ. ಅದೊಂದು ಕಳಚಿ ಬಿದ್ದರೆ ನೇರ ಸಿಲಿಂಡರ್‌ಗೇ ಹೋಗುವುದು.

ದಾವಣಗೆರೆ ಅಂಬಿ
ಈಗಲೇ ಹೋಗಿ ನೋಡ್ತೀನಿ ಅಣ್ಣ. ಸ್ಪ್ರಿಂಗ್ ವಾಷರ್ ಹಾಕೇ ಇಲ್ಲ!